ನಕ್ಷೆ ಯಾರ ಕೈಯಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಾರ್ಗದರ್ಶಕರ ಜೊತೆಯಲ್ಲಿ ಐದಾರು ದಿನ ಬೆಟ್ಟಗಳನ್ನು ಹತ್ತಿಳಿದು ಬಂದವರನ್ನು, ನೀವು ಹೋದ ದಾರಿಯಲ್ಲಿ ನೀವೊಬ್ಬರೇ ಮತ್ತೆ ಹೋಗಿ ಬರಬಲ್ಲಿರಾ ಎಂದು ಕೇಳಿ ನೋಡಿ. ಬಹಳ ಮಂದಿ ನಕ್ಕು ಸುಮ್ಮನಾಗುತ್ತಾರೆ. ಶಿಖರದ ನೋಟ ಅವರಿಗೆ ನೆನಪಿದೆ, ಕಾಲುನೋವೂ ನೆನಪಿದೆ. ಆದರೆ ದಾರಿಯ ಉದ್ದಕ್ಕೂ ಅವರು ನೋಡಿದ್ದು ಮುಂದೆ ನಡೆಯುತ್ತಿದ್ದವರ ಬೆನ್ನಚೀಲವನ್ನು. ಚಾರಣವನ್ನೂ ದಾರಿ ಹುಡುಕುವ ವಿದ್ಯೆಯನ್ನೂ ಕಲಿಸುತ್ತೇವೆಂದು ಹೇಳುವ ಪ್ರವಾಸಕ್ಕೆ ಹೊರಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಡೆಯುವಾಗ ನಕ್ಷೆ ಯಾರ ಕೈಯಲ್ಲಿರುತ್ತದೆ?

ನಾನು ಇಂಥದೊಂದು ಪ್ರವಾಸಕ್ಕೆ ಹೋದಾಗ, ಮೂರನೆಯ ದಿನ ಬೆಳಿಗ್ಗೆ ನಮ್ಮ ಮಾರ್ಗದರ್ಶಕರು ನಕ್ಷೆಯನ್ನೂ ದಿಕ್ಸೂಚಿಯನ್ನೂ ನನ್ನ ಕೈಗಿತ್ತು, ತಾವು ಸಾಲಿನ ಕೊನೆಗೆ ಹೋಗಿ ನಿಂತರು. ಒಂದು ಹಳ್ಳದ ಅಂಚಿನಲ್ಲೇ ಮೇಲಕ್ಕೆ ಸಾಗಿ, ಎರಡು ಶಿಖರಗಳ ನಡುವಣ ತಗ್ಗನ್ನು ತಲುಪಬೇಕಿತ್ತು. ಎರಡು ಹಳ್ಳಗಳು ಕೂಡುವ ಜಾಗವನ್ನು ನಾನು ಮಾತಿನ ಭರದಲ್ಲಿ ಗಮನಿಸದೆ, ತಪ್ಪು ಹಳ್ಳವನ್ನು ಹಿಡಿದು ನಡೆದೆ. ಇಪ್ಪತ್ತು ನಿಮಿಷ ಅವರು ತುಟಿ ಬಿಚ್ಚಲಿಲ್ಲ. ಆಮೇಲೆ, "ಈ ನೀರು ಯಾವ ದಿಕ್ಕಿನಿಂದ ಬರುತ್ತಿದೆ?" ಎಂದಷ್ಟೇ ಕೇಳಿದರು. ನಕ್ಷೆಯಲ್ಲಿದ್ದ ಹಳ್ಳ ಉತ್ತರದಿಂದ ಇಳಿದು ಬರುತ್ತಿತ್ತು. ನಮ್ಮ ಪಕ್ಕದಲ್ಲಿದ್ದ ನೀರು ಪೂರ್ವದಿಂದ ಹರಿದು ಬರುತ್ತಿತ್ತು. ದಿಕ್ಸೂಚಿಯನ್ನು ಅರ್ಧ ನಿಮಿಷ ನೋಡಿದ್ದರೆ ತಿಳಿಯಬಹುದಾಗಿದ್ದ ಸಂಗತಿಯಿದು. ನಾನಾದರೋ ಅಷ್ಟು ಹೊತ್ತೂ, ಕಂಡ ಪ್ರತಿಯೊಂದು ಬಂಡೆಯನ್ನೂ ತಿರುವನ್ನೂ ನಕ್ಷೆಗೆ ಹೇಗೋ ಹೊಂದಿಸಿಕೊಂಡು, ಎಲ್ಲವೂ ಸರಿಯಾಗಿದೆಯೆಂದು ನಂಬಿದ್ದೆ. ದಾರಿ ತಪ್ಪುವವರಲ್ಲಿ ಹೆಚ್ಚಿನವರು ತಪ್ಪುವುದು ನಕ್ಷೆ ಇಲ್ಲದೆ ಅಲ್ಲ, ನಕ್ಷೆಯನ್ನು ತಮ್ಮ ನಂಬಿಕೆಗೆ ತಕ್ಕಂತೆ ಓದಿಕೊಂಡು ಎಂಬುದು ನನ್ನ ಅಭಿಪ್ರಾಯ. ಆ ಇಪ್ಪತ್ತು ನಿಮಿಷ ಸುಮ್ಮನಿದ್ದ ಮಾರ್ಗದರ್ಶಕರ ತಾಳ್ಮೆಗೇ ನಾನು ಹಣ ಕೊಟ್ಟಿದ್ದೆನೆಂದು ಈಗ ಅನ್ನಿಸುತ್ತದೆ.

ಕಲಿಯಬೇಕಾದವುಗಳಲ್ಲಿ ಮೊದಲನೆಯದು ಸಮೋನ್ನತಿ ರೇಖೆಗಳನ್ನು, ಎಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು, ಓದುವುದು. 1774ರಲ್ಲಿ ಸ್ಕಾಟ್‌ಲೆಂಡಿನ ಶಿಹಾಲಿಯನ್ ಬೆಟ್ಟದ ಗುರುತ್ವಾಕರ್ಷಣೆಯ ಸೆಳೆತವನ್ನು ಅಳೆದು, ಅದರಿಂದ ಭೂಮಿಯ ಸಾಂದ್ರತೆಯನ್ನು ಕಂಡುಹಿಡಿಯುವ ಪ್ರಯತ್ನ ನಡೆಯಿತು. ಆ ಅಳತೆಗಳ ಲೆಕ್ಕ ಹಾಕಿದ ಗಣಿತಜ್ಞ ಚಾರ್ಲ್ಸ್ ಹಟನ್, ನೂರಾರು ಅಂಕಿಗಳ ಗೊಂದಲದಿಂದ ಪಾರಾಗಲು, ಒಂದೇ ಎತ್ತರದ ಬಿಂದುಗಳನ್ನೆಲ್ಲ ಗೆರೆಯಿಂದ ಜೋಡಿಸಿದನು. ಕೂಡಲೇ ಬೆಟ್ಟದ ಆಕಾರ ಕಾಗದದ ಮೇಲೆ ಕಾಣಿಸಿತು. ನಾವು ಇಂದು ಮಾಡಬೇಕಾದದ್ದೂ ಅದನ್ನೇ, ಗೆರೆಗಳಲ್ಲಿ ಬೆಟ್ಟವನ್ನು ಕಾಣುವುದು. ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ವಿರಳವಾಗಿದ್ದರೆ ನಿಧಾನವಾದ ಏರು ಎಂಬುದನ್ನು ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಕಲಿಯುತ್ತಾರೆ. ಕಷ್ಟವಾಗುವುದು ಕಣಿವೆಗೂ ಏಣು ಎಂಬ, ಎರಡೂ ಬದಿಗೆ ಇಳಿಯುವ ಉದ್ದನೆಯ ದಿಣ್ಣೆಗೂ ಇರುವ ವ್ಯತ್ಯಾಸ, ಏಕೆಂದರೆ ನಕ್ಷೆಯಲ್ಲಿ ಎರಡೂ ಬಾಗಿದ ಗೆರೆಗಳೇ. ಬಾಗಿನ ಮೊನೆ ಎತ್ತರದ ಕಡೆಗೆ ಚಾಚಿದ್ದರೆ ಅದು ಕಣಿವೆ, ತಗ್ಗಿನ ಕಡೆಗೆ ಚಾಚಿದ್ದರೆ ಏಣು. ಇದನ್ನು ಕೊಠಡಿಯಲ್ಲಿ ಕುಳಿತು ಕಲಿತರೆ ಮರುದಿನ ಮರೆಯುತ್ತದೆ; ಏಣಿನ ಮೇಲೆ ನಿಂತು, ಎರಡೂ ಬದಿಯಲ್ಲಿ ನೆಲ ಜಾರಿಹೋಗುವುದನ್ನು ನೋಡುತ್ತಾ ಕಲಿತರೆ ಮರೆಯುವುದಿಲ್ಲ.

ಎರಡನೆಯದು ದೂರದ ಅಂದಾಜು. 1:25,000 ಪ್ರಮಾಣದ ನಕ್ಷೆಯಲ್ಲಿ 4 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಅಷ್ಟು ದೂರ ನಡೆದೆವೆಂದು ತಿಳಿಯುವುದು ಹೇಗೆ? ಹೆಜ್ಜೆ ಎಣಿಸಿ, ಇಲ್ಲವೇ ಗಡಿಯಾರ ನೋಡಿ. ಎಡಗಾಲು ನೆಲ ಮುಟ್ಟಿದಾಗಲೆಲ್ಲ ಒಂದೆಂದು ಎಣಿಸಿದರೆ, ಸಮತಟ್ಟಾದ ನೆಲದಲ್ಲಿ 100 ಮೀಟರಿಗೆ ವಯಸ್ಕರಿಗೆ ಸಾಮಾನ್ಯವಾಗಿ 60ರಿಂದ 70 ಬರುತ್ತದೆ, ಏರಿನಲ್ಲಿ ಹೆಚ್ಚುತ್ತದೆ. ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ತಾವೇ ಕಂಡುಕೊಳ್ಳಬೇಕು. ಕಾಲದ ಲೆಕ್ಕಕ್ಕೆ ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಆಧಾರ. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ದೂರ, 450 ಮೀಟರ್ ಏರು ಇದ್ದರೆ, ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ನಲವತ್ತೈದು ನಿಮಿಷ ಸೇರಿ, ಎರಡು ಗಂಟೆಗೆ ಮೂರು ನಿಮಿಷ ಕಡಿಮೆ. ಇದರಲ್ಲಿ ವಿಶ್ರಾಂತಿ ಸೇರಿಲ್ಲ, ಮತ್ತು ನೈಸ್ಮಿತ್ ನಮಗಿಂತ ಗಟ್ಟಿಗನಾಗಿದ್ದನೆಂಬುದನ್ನೂ ನೆನಪಿಡಬೇಕು.

ಮಂಜು ಕವಿದಾಗ ಇವೆಲ್ಲವುಗಳ ನಿಜವಾದ ಬೆಲೆ ತಿಳಿಯುತ್ತದೆ. ಸಂಶೋಧಕ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸೂರ್ಯ ಕಾಣದ ದಿನ ಕಾಡಿನಲ್ಲಿ ನೇರವಾಗಿ ನಡೆಯಲು ಯತ್ನಿಸಿದವರು ತಮಗೇ ತಿಳಿಯದಂತೆ ಸುತ್ತು ಹಾಕಿದರು. ಕಣ್ಣು ಕಟ್ಟಿಕೊಂಡವರಂತೂ ಕೆಲವೊಮ್ಮೆ 20 ಮೀಟರ್ ವ್ಯಾಸದಷ್ಟು ಚಿಕ್ಕ ವೃತ್ತಗಳಲ್ಲಿ ತಿರುಗಿದರು. ಮನಸ್ಸು ಹೇಳುವ "ನೇರ" ನಂಬಲು ಯೋಗ್ಯವಲ್ಲ. ದಿಕ್ಸೂಚಿಯ ಮುಳ್ಳು ನಂಬಲರ್ಹ, ಆದರೆ ಅದು ತೋರಿಸುವುದು ಕಾಂತೀಯ ಉತ್ತರವನ್ನು. ಅದಕ್ಕೂ ನಕ್ಷೆಯ ಉತ್ತರಕ್ಕೂ ನಡುವಿನ ಕೋನ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ನಕ್ಷೆಯ ಅಂಚಿನಲ್ಲಿ ಬರೆದಿರುವುದನ್ನು, ಮುದ್ರಣದ ವರ್ಷವನ್ನೂ ಸೇರಿಸಿ, ಓದಬೇಕು. ಮೊಬೈಲ್ ಫೋನನ್ನು ದಿಕ್ಸೂಚಿಯ ಪಕ್ಕದಲ್ಲಿ ಹಿಡಿಯಬಾರದು, ಮುಳ್ಳು ಅತ್ತ ಸೆಳೆಯಲ್ಪಡುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ, ದಿಕ್ಕಿನಲ್ಲಿ 5 ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಸುಮಾರು 87 ಮೀಟರ್ ಪಕ್ಕಕ್ಕೆ ಸರಿದಿರುತ್ತೇವೆ.

ಇದಕ್ಕೆ ಬಲ್ಲವರು ಮಾಡುವ ಉಪಾಯ ನನಗೆ ಬಹಳ ಹಿಡಿಸಿತು. ಹೊಳೆಯ ಮೇಲಿನ ಒಂದು ಸೇತುವೆಯನ್ನು ಮಂಜಿನಲ್ಲಿ ತಲುಪಬೇಕೆಂದಿಟ್ಟುಕೊಳ್ಳಿ. ಸೇತುವೆಗೇ ಗುರಿಯಿಟ್ಟು ಹೋಗಿ ಹೊಳೆಯ ದಂಡೆ ಮುಟ್ಟಿದಾಗ ಅದು ಕಾಣದಿದ್ದರೆ, ಎಡಕ್ಕೆ ಹೋಗಬೇಕೋ ಬಲಕ್ಕೋ ಹೇಳುವವರಿಲ್ಲ. ಆದ್ದರಿಂದ ಬೇಕೆಂದೇ ಎಡಕ್ಕೆ ತುಸು ವಾರೆಯಾಗಿ ಗುರಿಯಿಡುವುದು; ದಂಡೆ ಸಿಕ್ಕಿದ ಕೂಡಲೇ ಬಲಕ್ಕೆ ತಿರುಗುವುದು.

ಪ್ರವಾಸವನ್ನು ಆರಿಸುವಾಗ ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಮಂದಿ ಎಂದು ತಪ್ಪದೆ ಕೇಳಿ. ಹನ್ನೆರಡು ಮಂದಿಯ ಗುಂಪಿನಲ್ಲಿ ನಿಮ್ಮ ಕೈಗೆ ನಕ್ಷೆ ಬರುವಷ್ಟರಲ್ಲಿ ರಜೆ ಮುಗಿದಿರುತ್ತದೆ; ನಾಲ್ಕೈದು ಮಂದಿಯಾದರೆ ದಿನಕ್ಕೊಮ್ಮೆಯಾದರೂ ಮುಂದೆ ನಡೆಯುವ ಸರದಿ ಸಿಗುತ್ತದೆ.

ನಮ್ಮ ಕೊನೆಯ ದಿನ ಬೆಳಗಿನಿಂದಲೇ ಮಂಜಿತ್ತು. ಮಾರ್ಗದರ್ಶಕರು ನಮ್ಮಿಂದ ಒಂದಷ್ಟು ದೂರದಲ್ಲಿ, ಇದ್ದೂ ಇಲ್ಲದವರಂತೆ ಬರುತ್ತಿದ್ದರು. ಸರದಿ ಮತ್ತೆ ನನ್ನದು. ನಾನು ಹೆಜ್ಜೆ ಎಣಿಸುತ್ತಿದ್ದೆ, ಇನ್ನೊಬ್ಬರು ಗಡಿಯಾರ ನೋಡುತ್ತಿದ್ದರು. ಮಾತಿಗೆ ಯಾರಿಗೂ ಬಿಡುವಿರಲಿಲ್ಲ. ಹೊಳೆ ಸಿಕ್ಕಿತು, ಸೇತುವೆ ಕಾಣಲಿಲ್ಲ. ನಾವು ಬಲಕ್ಕೆ ತಿರುಗಿ ನಲವತ್ತು ಹೆಜ್ಜೆ ನಡೆದೆವು. ಸೇತುವೆಯ ಮರದ ಕಟಕಟೆ ಮಂಜಿನೊಳಗಿಂದ ಮೂಡಿತು. ಹಿಂದಿನಿಂದ ಬಂದ ಮಾರ್ಗದರ್ಶಕರು ಅಲ್ಲೇ ಕುಳಿತು ತಮ್ಮ ಬೂಟಿನ ಲೇಸನ್ನು ಬಿಗಿದುಕೊಂಡರು, ಮತ್ತೆ ನಕ್ಷೆಯನ್ನು ವಾಪಸು ಕೇಳಲಿಲ್ಲ.

ನಮಸ್ಕಾರ.