ಲೈನ್ ಹೋದಾಗ ಮೊದಲು ನೋಡಬೇಕಾದ್ದು

ಕೇಳುಗರಿಗೆ ನಮಸ್ಕಾರ.

ತುಲಾ ತಿಂಗಳ ಸಂಜೆ ನಮ್ಮ ಕಾಸರಗೋಡಿನ ಕಡೆ ಗುಡುಗು ಮಿಂಚು ಜಾಸ್ತಿ. ಬದಿಯಡ್ಕ, ಪೆರ್ಲ, ಪೈವಳಿಕೆಯ ಕಚೇರಿಗಳಲ್ಲಿ ಆಗ "ಲೈನ್ ಹೋಯ್ತು" ಎಂಬ ಮಾತು ಕೇಳುತ್ತದೆ, ಅಂದರೆ ಕಚೇರಿಗಳ ನಡುವಿನ ಕಂಪ್ಯೂಟರ್ ಸಂಪರ್ಕ ಕಡಿದಿದೆ. ಈಗ ಹೆಚ್ಚಿನ ಕಡೆ ಫೈಬರ್ ಬಂದಿದೆ, ನಿಜ. ಆದರೆ ಹಳೆಯ ಲೀಸ್ಡ್ ಲೈನಿನಲ್ಲಿ (ಎರಡು ಕಚೇರಿಗಳ ನಡುವೆ ಬಾಡಿಗೆಗೆ ಪಡೆದ ಖಾಯಂ ಲೈನ್), ಮೋಡೆಮ್ ಮತ್ತು ಅದನ್ನು ರೂಟರಿಗೆ ಜೋಡಿಸುವ ವಿ.35 ಕೇಬಲ್ ಹಾಕಿ ಸೀರಿಯಲ್ ಸಂಪರ್ಕ (ಡೇಟಾವನ್ನು ಒಂದರ ಹಿಂದೆ ಒಂದು ಬಿಟ್ಟಾಗಿ ಕಳಿಸುವುದು) ನಡೆಸುವವರಿಗೆ, ಲ್ಯಾಬಿನಲ್ಲಿ ಇದನ್ನು ಕಲಿಯುವ ಮಕ್ಕಳಿಗೆ ಈ ಮಾತುಗಳು ಬೇಕಾಗುತ್ತವೆ.

ಲೈನ್ ಹೋದ ಕೂಡಲೇ ರೂಟರನ್ನು ಆಫ್ ಮಾಡಿ ಆನ್ ಮಾಡುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಬೇಡ. ಎಷ್ಟು ದೋಷ ಬಂತು, ಲೈನ್ ಎಷ್ಟು ಸಲ ಬಿದ್ದು ಎದ್ದಿತು ಎಂದು ರೂಟರ್ ಲೆಕ್ಕ ಇಟ್ಟಿರುತ್ತದೆ. ಆಫ್ ಮಾಡಿದರೆ ಆ ಲೆಕ್ಕ ಪೂರ್ತಿ ಅಳಿಸಿಹೋಗುತ್ತದೆ. ಮೊದಲು ಅದನ್ನು ಓದಿ, ಬರೆದಿಟ್ಟುಕೊಳ್ಳಿ. ಗುಡುಗು ನಿಲ್ಲುವ ತನಕ ಕೇಬಲ್ ಮಾತ್ರ ಮುಟ್ಟಬೇಡಿ.

ಸಿಸ್ಕೋ ರೂಟರಾದರೆ 'ಶೋ ಇಂಟರ್‌ಫೇಸಸ್ ಸೀರಿಯಲ್' ಎಂದು ಕೊಡಿ. ಮೊದಲ ಸಾಲಿನಲ್ಲೇ ಎರಡು ವಿಷಯ ಇರುತ್ತವೆ: ಸೀರಿಯಲ್ ಅಪ್ ಅಥವಾ ಡೌನ್, ಲೈನ್ ಪ್ರೋಟೋಕಾಲ್ (ಎರಡು ರೂಟರುಗಳು ಮಾತಾಡುವ ಕ್ರಮ) ಅಪ್ ಅಥವಾ ಡೌನ್. ಎರಡೂ ಡೌನ್ ಇದ್ದರೆ ಮೋಡೆಮ್ಮಿನಿಂದ ಸಿಗ್ನಲ್ಲೇ ಬರುತ್ತಿಲ್ಲ. ಕೇಬಲ್ ಸಡಿಲವಾಗಿದೆಯಾ, ಮೋಡೆಮ್ಮಿಗೆ ಕರೆಂಟ್ ಇದೆಯಾ, ಎಕ್ಸ್‌ಚೇಂಜಿನ ಕಡೆಯ ಜೋಡಿ ತಂತಿ ಸರಿ ಇದೆಯಾ ನೋಡಬೇಕು. 'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಎಂದಿದ್ದರೆ ಯಾರೋ ಶಟ್‌ಡೌನ್ ಕೊಟ್ಟಿದ್ದಾರೆ, ಅಷ್ಟೇ.

ತಲೆ ತಿನ್ನುವುದು ಸೀರಿಯಲ್ ಅಪ್, ಪ್ರೋಟೋಕಾಲ್ ಡೌನ್ ಎಂಬ ಸ್ಥಿತಿ. ಸಿಗ್ನಲ್ ಇದೆ, ಆದರೆ ಎರಡು ರೂಟರುಗಳು ಮಾತಾಡುತ್ತಿಲ್ಲ. ಇವು 10 ಸೆಕೆಂಡಿಗೊಮ್ಮೆ ಕೀಪ್‌ಅಲೈವ್, ಅಂದರೆ 'ಇದ್ದೀಯಾ' ಎಂದು ಕೇಳುವ ಸಣ್ಣ ಸಂದೇಶ, ಕಳಿಸುತ್ತವೆ. ಸತತ ಮೂರಕ್ಕೆ ಉತ್ತರ ಬಾರದಿದ್ದರೆ ಪ್ರೋಟೋಕಾಲ್ ಬೀಳುತ್ತದೆ. ಸಿಡಿಲಿಗೆ ಸುಟ್ಟ ರೂಟರಿನ ಜಾಗಕ್ಕೆ ಬೇರೆ ಕಂಪನಿಯದನ್ನು ತಂದಾಗ ಇದು ಸುಲಭವಾಗಿ ಆಗುತ್ತದೆ. ಸಿಸ್ಕೋದ ಎಚ್‌ಡಿಎಲ್‌ಸಿ ಎಂಬ ಲೈನ್ ಪ್ರೋಟೋಕಾಲ್ ಅದರದ್ದೇ ರೀತಿಯದು, ಬೇರೆಯವರದ್ದರ ಜೊತೆ ಹೊಂದುವುದಿಲ್ಲ. ಆಗ ಎರಡೂ ಕಡೆ ಪಿಪಿಪಿ ಹಾಕಿ, ಈ ಪ್ರೋಟೋಕಾಲ್ ಬೇರೆ ಬೇರೆ ಕಂಪನಿಯ ರೂಟರುಗಳಿಗೂ ಹೊಂದುತ್ತದೆ. ಲ್ಯಾಬಿನಲ್ಲಿ ಎರಡು ರೂಟರನ್ನು ನೇರ ಜೋಡಿಸಿದ್ದರೆ, ಡಿಸಿಇ ಬದಿಯಲ್ಲಿ (ಮೋಡೆಮ್ಮಿನ ಬದಲು ಕ್ಲಾಕ್ ಕೊಡುವ ರೂಟರಿನ ಬದಿ) ಕ್ಲಾಕ್ ರೇಟ್, ಅಂದರೆ ಡೇಟಾ ಕಳಿಸುವ ವೇಗ, ಕೊಟ್ಟಿದ್ದೀರಾ ನೋಡಿ. ಮಕ್ಕಳು ಮರೆಯುವುದು ಇದನ್ನೇ.

ತಪ್ಪು ಎಲ್ಲಿದೆ ಎಂದು ಹಿಡಿಯಲು ಲೂಪ್‌ಬ್ಯಾಕಿನಷ್ಟು (ಕಳಿಸಿದ್ದನ್ನು ಹಾಗೇ ವಾಪಸ್ ತಿರುಗಿಸಿ ನೋಡುವುದು) ನಂಬಿಕೆಯ ಉಪಾಯ ಬೇರೆ ಇಲ್ಲ. ಪಿಪಿಪಿ ಇದ್ದರೆ ಪರೀಕ್ಷೆ ಮುಗಿಯುವ ತನಕ ಎಚ್‌ಡಿಎಲ್‌ಸಿಗೆ ಬದಲಾಯಿಸಿ. ನಿಮ್ಮ ಮೋಡೆಮ್ಮನ್ನು ಲೋಕಲ್ ಲೂಪಿಗೆ ಹಾಕಿ. ರೂಟರ್ ಕಳಿಸಿದ್ದು ಅದಕ್ಕೇ ವಾಪಸ್ ಬರಬೇಕು. 'ಅಪ್, ಲೂಪ್ಡ್' ಎಂದು ತೋರಿಸಿದರೆ ನಿಮ್ಮ ರೂಟರ್, ಕೇಬಲ್ ಎರಡೂ ಸರಿ. ತೋರಿಸದಿದ್ದರೆ ಕೇಬಲ್ ಬದಲಿಸಿ ನೋಡಿ, ಆಮೇಲೆ ಮೋಡೆಮ್, ರೂಟರಿನ ಪೋರ್ಟ್. ಇಲ್ಲಿ ಸರಿಯಿದ್ದರೆ ಈ ಲೂಪ್ ತೆಗೆದು, ಆಚೆ ಕಚೇರಿಯವರಿಗೆ ಹೇಳಿ ಅವರ ಮೋಡೆಮ್ಮಿನಲ್ಲಿ ಈ ಕಡೆಗೆ ಲೂಪ್ ಹಾಕಿಸಿ. ಅಲ್ಲಿಂದ ವಾಪಸ್ ಬಾರದಿದ್ದರೆ ತಪ್ಪು ನಡುವಿನ ಲೈನಿನಲ್ಲಿ ಅಥವಾ ಆಚೆ ಮೋಡೆಮ್ಮಿನಲ್ಲಿ. ಎಕ್ಸ್‌ಚೇಂಜಿನವರ ಹತ್ತಿರ ಸುಮ್ನೆ "ನೆಟ್ ಇಲ್ಲ" ಎನ್ನುವ ಬದಲು ಇದನ್ನೇ ಹೇಳಿ. ಅವರಿಗೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ, ಅಲ್ವಾ?

ಲೈನ್ ಅಪ್ ಇದ್ದೂ ಕೆಲಸ ನಿಧಾನವಾದರೆ ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟು ಬಂದ ಡೇಟಾದ) ಅಂಕಿ ನೋಡಿ. ತಂತಿಯ ಜಾಯಿಂಟಿಗೆ ಮಳೆನೀರು ಇಳಿದಾಗ, ಕೇಬಲ್ ತೀರಾ ಉದ್ದವಾದಾಗ, ಕ್ಲಾಕ್ ಸರಿ ಹೊಂದದಾಗ ಅದು ಏರುತ್ತದೆ. ಒಳಬರುವ ದೋಷ ಒಟ್ಟು ಸಂಚಾರದ ಶೇಕಡಾ 1ನ್ನು ದಾಟಿದರೆ ಅದನ್ನು ಬಿಡುವ ಹಾಗಿಲ್ಲ. ಅರ್ತಿಂಗನ್ನೂ ಪರೀಕ್ಷಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಗುಂಡಿಗೆ ನೀರು ಹಾಕುತ್ತಿರಬೇಕು.

ರಿಪೇರಿ ಆದ ಮೇಲೆ 'ಕ್ಲಿಯರ್ ಕೌಂಟರ್ಸ್' ಕೊಟ್ಟು ಅಂಕಿಗಳನ್ನು ಸೊನ್ನೆ ಮಾಡಿ. ಮರುದಿನ ಅದೇ ಹೊತ್ತಿಗೆ ಇನ್ನೊಮ್ಮೆ ಓದಿ. ಕ್ಯಾರಿಯರ್ ಟ್ರಾನ್ಸಿಷನ್ ಎಂಬ ಅಂಕಿ ಏರಿದ್ದರೆ ಲೈನ್ ಇನ್ನೂ ಬಿದ್ದು ಏಳುತ್ತಿದೆ. ಮತ್ತೆ ಮೋಡೆಮ್ಮಿನಿಂದಲೇ ಹುಡುಕಲು ಶುರು ಮಾಡಿ.