ಮೊದಲು ಯಾರು ತುಳಿಯಬೇಕು?

ಕೇಳುಗರಿಗೆ ನಮಸ್ಕಾರ.

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವ ಸೈಕಲ್ ಗುಂಪುಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ನಮ್ಮದೂ ಒಂದು. ನಾಲ್ಕೇ ಜನ. ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಒಬ್ಬರು ಬ್ಯಾಂಕಿನವರು. ಒಬ್ಬ ಮಂಡ್ಯ ಕಡೆಯ ಹುಡುಗ, ಇಲ್ಲೇ ಕಂಪನಿಯೊಂದರಲ್ಲಿ ಕೆಲಸ. ನಾಲ್ಕನೆಯವನು ನಾನು. ಬೆಟ್ಟ ಹತ್ತುವಾಗ ನಮಗೆ ಮಾತೇ ಹೊರಡುವುದಿಲ್ಲ. ಇಳಿದು ಬಂದು ಅಗ್ರಹಾರದ ಹೋಟೆಲಿನಲ್ಲಿ ಸೆಟ್ ದೋಸೆ ಮುಂದೆ ಕೂತ ಮೇಲೆ ಮಾತು ನಿಲ್ಲುವುದೇ ಇಲ್ಲ.

2025ರ ಜೂನ್ 1, ಭಾನುವಾರ. ಅವತ್ತಿನ ವಾದ ಮೂರು ಕಾಫಿಗೂ ಮುಗಿಯಲಿಲ್ಲ. ಹೋಟೆಲಿನ ಹುಡುಗ ಎರಡು ಸಲ ಟೇಬಲ್ ಒರೆಸಿ ಸೂಚನೆ ಕೊಟ್ಟ. ನಾವು ಏಳಲಿಲ್ಲ. ಜಗಳ ನಡೆಯುತ್ತಿದ್ದುದು ಹಿಂದಿನ ರಾತ್ರಿ ಫೋನಿನಲ್ಲಿ ನೋಡಿದ ಒಂದು ಸೈಕಲ್ ರೇಸಿನ ಬಗ್ಗೆ. ಇಟಲಿಯ ರೇಸು. ಅದರ ಹೆಸರು ಜಿರೊ ದಿಟಾಲಿಯಾ. ಅಲ್ಲಿ ಸಂಜೆ ಮುಗಿಯುವ ರೇಸು ನಮಗೆ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. ಮುದ್ದೆ ಮುರಿಯುತ್ತಾ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಒಂದು ದಿನದ ಓಟ ಅಲ್ಲ, 21 ದಿನದ್ದು. ದಿನಕ್ಕೊಂದು ಹಂತ. ಒಂದು ದಿನ ಬಯಲು, ಇನ್ನೊಂದು ದಿನ ಬೆಟ್ಟ. ದಿನವೂ ಒಬ್ಬರು ಗೆಲ್ಲುತ್ತಾರೆ. ಆದರೆ ಎಲ್ಲ ದಿನಗಳ ಸಮಯ ಕೂಡಿಸಿ, ಯಾರದ್ದು ಕಡಿಮೆಯೋ ಅವರೇ ಕೊನೆಗೆ ದೊರೆ. ದಿನದಿನಕ್ಕೆ ಆ ಲೆಕ್ಕದಲ್ಲಿ ಮುಂದಿರುವವರ ಮೈಮೇಲೆ ಗುಲಾಬಿ ಜೆರ್ಸಿ. ಫ್ರಾನ್ಸಿನ ಟೂರ್ ಡಿ ಫ್ರಾನ್ಸ್‌ನಲ್ಲಾದರೆ ಅದು ಹಳದಿ. ಅಂದರೆ ಒಂದೇ ರಸ್ತೆಯಲ್ಲಿ ಒಂದೇ ಹೊತ್ತಿಗೆ ಎರಡು ರೇಸು ನಡೆಯುತ್ತಿರುತ್ತವೆ. ನಾನು ಹೇಳುತ್ತಿರುವ ದಿನ ಮೊದಲು ಗೆರೆ ದಾಟಿದವರು ಕ್ರಿಸ್ ಹಾರ್ಪರ್. ನಮ್ಮ ಜಗಳದಲ್ಲಿ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಪಾಪ.

ಇನ್ನೊಂದು ವಿಷಯ ಗಾಳಿ. ಅದು ಅರ್ಥವಾದರೆ ಸೈಕಲ್ ರೇಸು ಮುಕ್ಕಾಲು ಪಾಲು ಅರ್ಥವಾದ ಹಾಗೆ. ನನಗೆ ಅದನ್ನು ಕಲಿಸಿದ್ದು ಕಬ್ಬಿನ ಟ್ರಾಕ್ಟರ್. ಪಿಯುಸಿ ಓದುವಾಗ ಹಳ್ಳಿಯಿಂದ ಮಂಡ್ಯಕ್ಕೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ದಾರಿಯಲ್ಲಿ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರಾಕ್ಟರ್ ಸಿಕ್ಕಿದರೆ ಹಬ್ಬ. ಹಿಂದಿನಿಂದ ಒಂದು ಜಲ್ಲೆ ಎಳೆದುಕೊಳ್ಳುವ ಆಸೆ ಒಂದು ಕಡೆ. ಅದಕ್ಕಿಂತ ದೊಡ್ಡ ಸುಖ ಇನ್ನೊಂದಿತ್ತು. ಟ್ರೈಲರ್ ಹಿಂದೆ ಅಂಟಿಕೊಂಡರೆ ಪೆಡಲ್ ಹತ್ತಿಯ ಹಾಗೆ ಹಗುರ. ಟ್ರಾಕ್ಟರ್ ಫ್ಯಾಕ್ಟರಿ ಕಡೆ ತಿರುಗಿತು ಅನ್ನಿ, ಯಾರೋ ಎದೆಗೆ ಕೈ ಇಟ್ಟು ತಳ್ಳಿದ ಹಾಗಾಗುತ್ತಿತ್ತು. ಮಕ್ಕಳು ಕೇಳುತ್ತಿದ್ದರೆ, ದಯವಿಟ್ಟು ಹಾಗೆ ಮಾಡಬೇಡಿ. ನಾನು ಎರಡು ಸಲ ಬಿದ್ದಿದ್ದೇನೆ.

ರೇಸಿನಲ್ಲೂ ಅಷ್ಟೇ. ಮುಂದಿರುವವನು ಗಾಳಿ ಸೀಳುತ್ತಾನೆ. ಅವನ ಚಕ್ರಕ್ಕೆ ಅಂಟಿಕೊಂಡವನಿಗೆ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿತಾಯ. ಅದಕ್ಕೇ ದೊಡ್ಡ ತಂಡಗಳಲ್ಲಿ ನಾಯಕ ಒಬ್ಬ, ಉಳಿದವರೆಲ್ಲ ಅವನಿಗೆ ಗಾಳಿ ತಡೆಯುವವರು, ನೀರು ತಂದುಕೊಡುವವರು. ಕಡಿದಾದ ಬೆಟ್ಟದಲ್ಲಿ ಮಾತ್ರ ವೇಗ ಕಡಿಮೆ. ಅಲ್ಲಿ ಗಾಳಿಯ ಆಟ ಅಷ್ಟು ನಡೆಯುವುದಿಲ್ಲ, ಕಾಲಿನ ಬಲವೇ ನಡೆಯುವುದು. ಬೆಟ್ಟ ಮುಗಿದು ಕಣಿವೆ ಬಂತೋ, ಗಾಳಿ ಮತ್ತೆ ಲೆಕ್ಕಕ್ಕೆ ಬರುತ್ತದೆ.

ಈಗ ಮೇ 31ರ ರಾತ್ರಿಗೆ ಬರೋಣ. ಇಪ್ಪತ್ತನೇ ದಿನ. ಮಾರನೇ ದಿನ ರೋಮ್, ಅದು ಬರೀ ಮೆರವಣಿಗೆ ಇದ್ದ ಹಾಗೆ. ಗುಲಾಬಿ ಜೆರ್ಸಿ ಮೆಕ್ಸಿಕೋದ ಇಸಾಕ್ ದೆಲ್ ತೊರೊ ಮೈಮೇಲೆ. ವಯಸ್ಸು 21. ಅವನ ಹಿಂದೆ 43 ಸೆಕೆಂಡಿನಲ್ಲಿ ಇಕ್ವೆಡಾರ್‌ನ ರಿಚರ್ಡ್ ಕರಪಾಸ್, 2019ರಲ್ಲಿ ಇದೇ ರೇಸು ಗೆದ್ದವರು. ಮೂರನೆಯವರು ಇಂಗ್ಲೆಂಡಿನ ಸೈಮನ್ ಯೇಟ್ಸ್, 1 ನಿಮಿಷ 21 ಸೆಕೆಂಡ್ ಹಿಂದೆ.

ಅವತ್ತಿನ ಬೆಟ್ಟದ ಹೆಸರು ಕೊಲ್ಲೆ ದೆಲ್ಲೆ ಫಿನೆಸ್ಟ್ರೆ. ಹದಿನೆಂಟೂವರೆ ಕಿಲೋಮೀಟರ್ ಏರು. ಅದರಲ್ಲಿ ಕೊನೆಯ ಸುಮಾರು 8 ಕಿಲೋಮೀಟರ್ ಡಾಂಬರೇ ಇಲ್ಲದ ಮಣ್ಣು ದಾರಿ. ನಮ್ಮ ಚಾಮುಂಡಿ ಬೆಟ್ಟ ಊರಿನಿಂದ ಸುಮಾರು 300 ಮೀಟರ್ ಎತ್ತರ. ಅಂಥವನ್ನು ಒಂದರ ಮೇಲೊಂದು ಐದು ಪೇರಿಸಿದರೂ ಅದಕ್ಕೆ ಸಾಲದು. ಈ ಬೆಟ್ಟಕ್ಕೂ ಯೇಟ್ಸ್‌ಗೂ ಹಳೆಯ ಲೆಕ್ಕ ಇತ್ತು. 2018ರಲ್ಲಿ ಸುಮಾರು ಎರಡು ವಾರ ಗುಲಾಬಿ ಜೆರ್ಸಿ ಹಾಕಿಕೊಂಡಿದ್ದ ಅವರು ಇದೇ ಏರಿನಲ್ಲಿ ಕುಸಿದರು. ಒಂದೇ ದಿನ 38 ನಿಮಿಷಕ್ಕೂ ಜಾಸ್ತಿ ಕಳೆದುಕೊಂಡರು. ಅವತ್ತು ಕ್ರಿಸ್ ಫ್ರೂಮ್ ಒಬ್ಬರೇ 80 ಕಿಲೋಮೀಟರ್ ಓಡಿಸಿ ರೇಸನ್ನೇ ಕಿತ್ತುಕೊಂಡರು.

ಸರಿ, ಏರು ಶುರುವಾಯಿತು. ಕರಪಾಸ್ ತಂಡ ಬುಡದಲ್ಲೇ ಕೊನೇ ಕಿಲೋಮೀಟರಿನ ವೇಗ ಹಾಕಿತು. ಕರಪಾಸ್ ಹಾರಿದರು. ದೆಲ್ ತೊರೊ ನೆರಳಿನ ಹಾಗೆ ಹಿಂದೆ ಹೋದ. ಸ್ವಲ್ಪ ಹೊತ್ತಿಗೆ ಯೇಟ್ಸ್ ಆ ಇಬ್ಬರನ್ನು ಸೇರಿಕೊಂಡರು, ಸೇರಿದವರೇ ಮತ್ತೆ ಮತ್ತೆ ಎದ್ದು ತುಳಿದರು. ಒಂದು ಸಲ ಹತ್ತು ಮೀಟರ್ ಅಂತರ ಬಿತ್ತು. ಆಮೇಲೆ ಇಪ್ಪತ್ತು. ಹಿಂದಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿದರು.

ಆ ನೋಟವೇ ನಮ್ಮ ಮೂರು ಕಾಫಿಯ ಜಗಳ.

ದೆಲ್ ತೊರೊ ಲೆಕ್ಕ ಏನು? ನಾನು ಬೆನ್ನಟ್ಟಿದರೆ ಕರಪಾಸ್ ನನ್ನ ಚಕ್ರಕ್ಕೆ ಅಂಟಿಕೊಂಡು ಸುಮ್ನೆ ಬರುತ್ತಾರೆ. ನಾನು ಸುಸ್ತಾದ ಮೇಲೆ ನನ್ನನ್ನೇ ಬಿಟ್ಟು ಹೋಗುತ್ತಾರೆ. ಕರಪಾಸ್ ಲೆಕ್ಕ? ಜೆರ್ಸಿ ಅವನದು, ಕಾಪಾಡಿಕೊಳ್ಳುವ ಕೆಲಸವೂ ಅವನದು. ನಾನ್ಯಾಕೆ ಅವನ ಮನೆ ಕಾವಲು ಕಾಯಲಿ? ಎರಡು ಲೆಕ್ಕವೂ ಸರಿ. ಯೇಟ್ಸ್ ಕಾಣದಾದರು.

ಬೆಟ್ಟದ ಆಚೆ ಇನ್ನೊಂದು ತಂತ್ರ ಕಾದಿತ್ತು. ಯೇಟ್ಸ್ ತಂಡದ ವೌಟ್ ವಾನ್ ಆರ್ಟ್ ಬೆಳಿಗ್ಗೆಯೇ ಮುಂದೆ ಓಡಿದ ಗುಂಪಿನ ಜೊತೆ ಹೋಗಿಬಿಟ್ಟಿದ್ದರು. ಯೇಟ್ಸ್‌ಗಿಂತ ಮೊದಲೇ ಬೆಟ್ಟ ದಾಟಿ ತಮ್ಮ ನಾಯಕನಿಗಾಗಿ ಕಾದರು. ಅವರು ಬೆಲ್ಜಿಯಂನ ಭಾರಿ ಆಳು, ಗಾಳಿ ಸೀಳುವುದಕ್ಕೆ ಅಂತಲೇ ಹುಟ್ಟಿದವರ ಹಾಗೆ. ಅಂದರೆ ಕಣಿವೆಯಲ್ಲಿ ಯೇಟ್ಸ್‌ಗೆ ಒಂದು ಕಬ್ಬಿನ ಟ್ರಾಕ್ಟರ್ ಸಿಕ್ಕಿತು. ಹಿಂದೆ ಇಬ್ಬರು ಇನ್ನೂ ನೀನು ಮುಂದೆ ಹೋಗು, ನೀನು ಹೋಗು ಅನ್ನುತ್ತಲೇ ಇದ್ದರು. ಸೆಸ್ಟ್ರಿಯೆರೆಯಲ್ಲಿ ಗೆರೆ ದಾಟುವಾಗ ಯೇಟ್ಸ್ ಐದು ನಿಮಿಷಕ್ಕೂ ಜಾಸ್ತಿ ಗಳಿಸಿದ್ದರು. ಕೊನೆಗೆ 3 ನಿಮಿಷ 56 ಸೆಕೆಂಡಿನಿಂದ ಜಿರೊ ಅವರದಾಯಿತು. ಏಳು ವರ್ಷದ ಹಿಂದೆ ಕಳೆದುಕೊಂಡಿದ್ದ ಬೆಟ್ಟದಲ್ಲೇ ಸಿಕ್ಕಿತು. ನನ್ನ ಮುದ್ದೆ ತಟ್ಟೆಯಲ್ಲೇ ಆರಿಹೋಗಿತ್ತು.

ಮಾರನೇ ದಿನ ಮೇಷ್ಟ್ರು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದರು. "ನೋಡಿ, ದೆಲ್ ತೊರೊ ಒಂದರಿಂದ ಎರಡಕ್ಕೆ ಇಳಿದ. ಕರಪಾಸ್ ಎರಡರಿಂದ ಮೂರಕ್ಕೆ. ಇಬ್ಬರಿಗೂ ಒಂದೊಂದೇ ಮೆಟ್ಟಿಲು ನಷ್ಟ. ಮತ್ತೆ ತಪ್ಪು ಯಾರದು?" ಅಂದರು.

ಬ್ಯಾಂಕಿನವರು ನಕ್ಕರು. "ಇದು ಜಾಮೀನಿನ ಕಥೆ ಸಾರ್. ಒಂದು ಸಾಲಕ್ಕೆ ಇಬ್ಬರು ಜಾಮೀನು ಹಾಕಿರುತ್ತಾರೆ. ಅವನು ಕಟ್ಟಲಿ ಅಂತ ಇವನು, ಇವನು ಕಟ್ಟಲಿ ಅಂತ ಅವನು. ನಾವು ಇಬ್ಬರ ಮನೆಗೂ ನೋಟಿಸ್ ಕಳಿಸ್ತೀವಿ."

ಮಂಡ್ಯದ ಹುಡುಗ ಒಪ್ಪಲಿಲ್ಲ. "ಅಲ್ಲ ಕಣಣ್ಣ, ನೀರು ಬಿಟ್ಟ ದಿನ ಬದುವಿನ ಮೇಲೆ ಇಬ್ಬರು ಜಗಳಕ್ಕೆ ನಿಂತರೆ, ಮೂರನೆಯವನು ತೂಬು ಎತ್ತಿ ತನ್ನ ಗದ್ದೆಗೆ ನೀರು ಕಟ್ಟಿಕೊಂಡು ಹೋಗ್ತಾನೆ. ಯೇಟ್ಸ್ ಅದೃಷ್ಟವಂತ ಅಷ್ಟೇ" ಅಂದ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡಿದೆ. ಇದು ಅದೃಷ್ಟ ಅಲ್ಲ. ಬೆಳಿಗ್ಗೆ ವಾನ್ ಆರ್ಟ್ ಮುಂದೆ ಹೋದಾಗಲೇ ಸಂಜೆಯ ಲೆಕ್ಕ ಶುರುವಾಗಿತ್ತು. ತಪ್ಪು ಯಾರದು ಅಂದರೆ, ನನ್ನ ಮಟ್ಟಿಗೆ ದೆಲ್ ತೊರೊದು. ಕರಪಾಸ್ ಒಮ್ಮೆ ಗೆದ್ದವರು. ಅವರಿಗೆ ಎರಡು, ಮೂರು ಎಲ್ಲ ಒಂದೇ. ಕಳೆದುಕೊಳ್ಳುವುದಕ್ಕೆ ಜೆರ್ಸಿ ಇದ್ದದ್ದು ದೆಲ್ ತೊರೊಗೆ. ಅವನು ತುಳಿದು ಸೋತಿದ್ದರೆ ನಾನು ಎದ್ದು ಚಪ್ಪಾಳೆ ಹೊಡೆಯುತ್ತಿದ್ದೆ. ಇಷ್ಟು ಹೇಳಿದ ಮೇಲೆ ನನಗೇ ಸಂಕೋಚವಾಯಿತು. 21ನೇ ವಯಸ್ಸಿನಲ್ಲಿ ನಾನು ಜಲ್ಲೆ ಕದ್ದು ಸಿಕ್ಕಿಬೀಳದಿದ್ದರೆ ಅದೇ ದೊಡ್ಡ ತಂತ್ರ ಅಂದುಕೊಂಡಿದ್ದವನು.

ತಮಾಷೆ ನೋಡಿ. ಸವಾರರ ಕಿವಿಯಲ್ಲೂ ಒಂದು ಪುಟ್ಟ ರೇಡಿಯೋ ಇರುತ್ತದೆ. ಹಿಂದೆ ಬರುವ ಕಾರಿನಿಂದ ತಂಡದವರು ಅಂತರ ಎಷ್ಟು, ತಿರುವು ಎಲ್ಲಿ ಅಂತ ಹೇಳುತ್ತಲೇ ಇರುತ್ತಾರೆ. ಇಬ್ಬರಿಗೂ ಎಲ್ಲ ಗೊತ್ತಿತ್ತು. ಆದರೂ ಯಾರೂ ತುಳಿಯಲಿಲ್ಲ.

ಬಯಲು ದಿನದ ಮುಕ್ತಾಯ ಬೇರೆ ಥರ. ಅಲ್ಲಿ ತಂಡದವರು ರೈಲಿನ ಡಬ್ಬಿಗಳ ಹಾಗೆ ಸಾಲಾಗಿ ಬಂದು, ಒಬ್ಬೊಬ್ಬರೇ ಗಾಳಿ ಸೀಳಿ ಪಕ್ಕಕ್ಕೆ ಸರಿಯುತ್ತಾರೆ. ಕೊನೆಯ 200 ಮೀಟರಿಗೆ ವೇಗಿಯನ್ನು ಬಿಡುತ್ತಾರೆ. ಈ ವಿದ್ಯೆಯಲ್ಲಿ ಮಾರ್ಕ್ ಕ್ಯಾವೆಂಡಿಷ್ ದೊಡ್ಡವರು. ಟೂರ್ ಡಿ ಫ್ರಾನ್ಸ್ ಒಂದರಲ್ಲೇ 35 ಹಂತ ಗೆದ್ದಿದ್ದಾರೆ, ಕೊನೆಯದು 2024ರಲ್ಲಿ. ಮಂಡ್ಯದ ಹುಡುಗನಿಗೆ ಇದೇ ಇಷ್ಟ. ಮೇಷ್ಟ್ರಿಗೆ ಇದು ಬರೀ ಗಲಾಟೆ. ಅವರಿಗೆ ಇಷ್ಟವಾದದ್ದು 1989ರ ಟೂರ್. 3,285 ಕಿಲೋಮೀಟರ್ ಓಡಿಸಿದ ಮೇಲೆ ಗ್ರೆಗ್ ಲೆಮಾಂಡ್ ಮತ್ತು ಲೋರಾ ಫಿನ್ಯೋ ನಡುವೆ ಉಳಿದದ್ದು 8 ಸೆಕೆಂಡ್. ಕೊನೇ ದಿನ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಓಟ. 50 ಸೆಕೆಂಡ್ ಹಿಂದಿದ್ದ ಲೆಮಾಂಡ್ ಮೊಣಕೈ ಊರಿ ಬಗ್ಗಿ ಓಡಿಸುವ ಹೊಸ ಹ್ಯಾಂಡಲ್ ಹಾಕಿಸಿಕೊಂಡು ಬಂದರು, ತಲೆಗೆ ಗಾಳಿ ಜಾರುವ ಹೆಲ್ಮೆಟ್. ಫಿನ್ಯೋ ಹೆಲ್ಮೆಟ್ ಹಾಕಲಿಲ್ಲ, ಅವರ ಜುಟ್ಟು ಹಾರಾಡುತ್ತಿತ್ತು. ಜುಟ್ಟು ಕತ್ತರಿಸಿದ್ದರೆ ಗೆಲ್ಲುತ್ತಿದ್ದರು ಅಂತ ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ. ಅವರ ತಲೆ ಪೂರ್ತಿ ಬೋಳು ಅನ್ನುವುದನ್ನೂ ಇಲ್ಲಿ ಹೇಳಬೇಕು.

ಅಷ್ಟರಲ್ಲಿ ಹೋಟೆಲಿನ ಹುಡುಗ ಲೆಕ್ಕ ಬರೆದಿದ್ದ ಚೀಟಿಯನ್ನು ಮೇಷ್ಟ್ರ ಕೈಯಿಂದ ತೆಗೆದು, ನೇರ ಮಾಡಿ, ಟೇಬಲ್ಲಿನ ನಡುವೆ ಇಟ್ಟ. ಬಿಲ್ಲು. ಮೇಷ್ಟ್ರು ಬ್ಯಾಂಕಿನವರನ್ನು ನೋಡಿದರು. ಬ್ಯಾಂಕಿನವರು ನನ್ನನ್ನು ನೋಡಿದರು. ನಾನು ಖಾಲಿ ಲೋಟವನ್ನು ಇನ್ನೊಮ್ಮೆ ಬಾಯಿಗೆ ಹಿಡಿದೆ. ಮಂಡ್ಯದ ಹುಡುಗ ಎಲ್ಲಿ ಅಂತ ತಿರುಗಿದರೆ, ಕೈ ತೊಳೆಯಲು ಎದ್ದವನು ಆಗಲೇ ಸೈಕಲ್ ಹತ್ತಿ ಅಗ್ರಹಾರದ ಸರ್ಕಲ್ ದಾಟುತ್ತಿದ್ದ.

ನಮಸ್ಕಾರ.