ಗಾಣಕ್ಕೆ ಹೂಡಿದ ಮನುಷ್ಯರು

ಕೇಳುಗರೆಲ್ಲರಿಗೂ ನಮಸ್ಕಾರ.

ಗಾಣ ಅಂದರೆ ನಮಗೆ ನೆನಪಾಗುವುದು ಎತ್ತು. ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಬ್ರಿಟಿಷರು ಗಾಣಕ್ಕೆ ಕೈದಿಗಳನ್ನೇ ಹೂಡಿದರು.

ಅಲ್ಲಿನ ಸೆಲ್ಯುಲರ್ ಜೈಲು ಕಟ್ಟಿ ಮುಗಿದದ್ದು 1906ರಲ್ಲಿ. ಏಳು ಸಾಲು, ಮೂರು ಅಂತಸ್ತು, ಒಬ್ಬೊಬ್ಬನಿಗೆ ಒಂದೊಂದು ಕೋಣೆ. ಗಾಣದ ಕೆಲಸ ಬಿದ್ದವನು ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕು. ಹದಿಮೂರು ಕಿಲೋಗೂ ಜಾಸ್ತಿ! ಕಡಿಮೆ ಬಿದ್ದರೆ ಶಿಕ್ಷೆಯ ಮೇಲೆ ಶಿಕ್ಷೆ. ಉಳಿದವರಿಗೆ ಒಣಗಿದ ತೆಂಗಿನ ಸಿಪ್ಪೆ ಜಜ್ಜಿ, ನಾರು ಬಿಡಿಸಿ, ಹಗ್ಗ ಹೊಸೆಯುವ ಕೆಲಸ. ಅಂಗೈ ಒಡೆದು ರಕ್ತ ಬಂದರೂ ಲೆಕ್ಕ ಒಪ್ಪಿಸಲೇಬೇಕು.

1912ರಲ್ಲಿ ಕ್ರಾಂತಿಕಾರಿ ಇಂದುಭೂಷಣ ರಾಯ್ ಅಲ್ಲೇ ನೇಣು ಹಾಕಿಕೊಂಡರು. ಅದೇ ವರ್ಷ ಇನ್ನೊಬ್ಬ ಕ್ರಾಂತಿಕಾರಿ ಉಲ್ಲಾಸ್ಕರ್ ದತ್ತರ ಮನಸ್ಸು ಕೆಟ್ಟು, ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. ಆ ದುಡಿಮೆಯಿಂದ ಯಾರೂ ಒಂದು ಕಸುಬು ಕಲಿಯಲಿಲ್ಲ, ಯಾರೂ ತಿದ್ದಿಕೊಳ್ಳಲಿಲ್ಲ. ಮನುಷ್ಯನನ್ನು ಮುರಿಯುವುದೇ ಅದರ ಉದ್ದೇಶವಾಗಿತ್ತು ಅಂತಲೇ ನಾನು ನಂಬಿದ್ದೇನೆ.

ಬ್ರಿಟಿಷರು ಹೋದರು. ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಆದರೆ ಕಠಿಣ ಸಜೆ, ಅಂದರೆ ದುಡಿಮೆ ಕಡ್ಡಾಯವಾದ ಜೈಲು ಶಿಕ್ಷೆ, ಹಾಗೇ ಉಳಿಯಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಅಪರಾಧ ಕಾನೂನು, ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಇದೆ. ಹಾಗಾದರೆ ಜೈಲಿನಲ್ಲಿ ನೇಯುವವನಿಗೆ, ಮರಗೆಲಸ ಮಾಡುವವನಿಗೆ ಕೂಲಿ ಕೊಡಬೇಕೋ ಬೇಡವೋ? 1998ರಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣವೊಂದರಲ್ಲಿ ಇದಕ್ಕೆ ಉತ್ತರ ಹೇಳಿತು. ಕಠಿಣ ಸಜೆಯಾದವನ ಕೈಲಿ ಅವನ ಒಪ್ಪಿಗೆ ಇಲ್ಲದೆಯೂ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಲೇಬೇಕು. ಅದರಲ್ಲಿ ಒಂದು ಪಾಲು, ಆ ಅಪರಾಧದಿಂದ ನೊಂದವರಿಗೆ ಸೇರುವಂತೆ ಕಾನೂನು ಮಾಡಿ ಎಂದೂ ಹೇಳಿತು. ಈ ಮಾತು ನನಗೆ ಬಹಳ ಹಿಡಿಸಿತು.

ಕೂಲಿಯ ಮಾತು ಹಾಗಿರಲಿ, ಯಾರಿಗೆ ಯಾವ ಕೆಲಸ ಅನ್ನೋದರಲ್ಲೂ ಅನ್ಯಾಯ ನಡೆದಿದೆ. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಒಂದು ಜಾತಿಗೆ, ಕಸ ಗುಡಿಸುವುದು ಇನ್ನೊಂದು ಜಾತಿಗೆ ಎಂಬ ನಿಯಮ ಬರೆದೇ ಇತ್ತು! ಅದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2024ರ ಅಕ್ಟೋಬರ್ 3ರಂದು. ಮೊನ್ನೆ ಮೊನ್ನೆ, ಅಲ್ವಾ?

ತಪ್ಪು ಮಾಡಿದವನು ದುಡಿಯಲಿ, ನನ್ನ ತಕರಾರಿಲ್ಲ. ಆದರೆ ಬಿಡುಗಡೆಯ ದಿನ ಅವನ ಕೈಯಲ್ಲಿ ಒಂದು ಕಸುಬು ಇರಬೇಕು, ಖಾತೆಯಲ್ಲಿ ನಾಲ್ಕು ಕಾಸು ಇರಬೇಕು. ಅವನು ಒಳಗಿದ್ದಷ್ಟು ದಿನವೂ ಹೊರಗೆ ಅವನ ಮಕ್ಕಳಿಗೆ ಹಸಿವಾಗುತ್ತಲೇ ಇರುತ್ತದೆ.

ನಮಸ್ಕಾರ.